ಕಯಾಕ್‌ಗೆ ಮನೆ ವಿಮೆಯೇ ಸಾಕಾ, ಬೇರೆ ಪಾಲಿಸಿ ಬೇಕಾ?

ಎರಡು ಕಯಾಕ್ (ಕೂತು ಹುಟ್ಟು ಹಾಕುವ ಸಣ್ಣ ದೋಣಿ), ಹುಟ್ಟು, ಲೈಫ್ ಜಾಕೆಟ್ ಎಲ್ಲಕ್ಕೂ ಸೇರಿ ಒಳ್ಳೆ ದುಡ್ಡು ಹಾಕಿದ್ದೀರಿ. ಕಳ್ಳತನವಾದರೆ ಮನೆ ವಿಮೆಯಲ್ಲಿ ಬರುತ್ತದಾ, ಬೇರೆ ಪಾಲಿಸಿ ಮಾಡಿಸಬೇಕಾ ಅಂತ ಕೇಳಿದ್ದೀರಿ. ಅದಕ್ಕೆ ಬರುತ್ತೇನೆ, ಆದರೆ ಅದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ.

ಒಮ್ಮೆ ಗೆಳೆಯನೊಬ್ಬ ನನ್ನ ಕಯಾಕ್ ತೆಗೆದುಕೊಂಡು ಹೋಗಿದ್ದ. ಅವನಿಗೆ ಹುಟ್ಟು ಹಾಕುವುದು ಚೆನ್ನಾಗೇ ಬರುತ್ತದೆ. ದಡಕ್ಕೆ ವಾಪಸ್ ಬರುವಾಗ ಸಂಜೆ ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು. ಎದುರಿಗೆ ಈಜುತ್ತಿದ್ದವರ ತಲೆ ಅವನಿಗೆ ಕಾಣಲೇ ಇಲ್ಲ. ಕಯಾಕಿನ ಮೂತಿ ಅವರ ಹುಬ್ಬಿಗೆ ಬಡಿಯಿತು. ಐದು ಹೊಲಿಗೆ ಬಿತ್ತು. ಆ ರಾತ್ರಿ ಪಾಲಿಸಿ ತೆಗೆದು ನೋಡಿದೆ. ಬೇರೆಯವರಿಗೆ ಹಾನಿಯಾದರೆ ಕಟ್ಟಿಕೊಡುವ ಹೊಣೆಯ ಭಾಗದಲ್ಲಿ ಪಾಲಿಸಿ ಮಾಡಿಸಿದವರು ಮತ್ತು ಅದೇ ಮನೆಯಲ್ಲಿ ಇರುವವರು ಅಂತಷ್ಟೇ ಇತ್ತು. ಗೆಳೆಯ ಅದರಲ್ಲಿ ಬರುವುದಿಲ್ಲ. ಆಸ್ಪತ್ರೆ ಖರ್ಚನ್ನು ನಾವಿಬ್ಬರೂ ಹಂಚಿಕೊಂಡೆವು. ಏಟು ಒಂದು ಬೆರಳಿನಷ್ಟು ಕೆಳಗೆ ಬಿದ್ದಿದ್ದರೆ ಅವರ ಕಣ್ಣೇ ಹೋಗುತ್ತಿತ್ತು. ಈಗಲೂ ನೆನೆದರೆ ಮೈ ಜುಮ್ಮೆನ್ನುತ್ತದೆ.

ದೋಣಿ ಕಳೆದರೆ ಹೋಗುವುದು ದೋಣಿಯ ಬೆಲೆ ಅಷ್ಟೇ ಅಲ್ವಾ? ಇನ್ನೊಬ್ಬರಿಗೆ ಪೆಟ್ಟಾದರೆ ಎಷ್ಟು ಕಟ್ಟಬೇಕಾಗುತ್ತದೋ ಯಾರೂ ಮೊದಲೇ ಹೇಳಲಾರರು. ಹಾಗಾಗಿ ಥರ್ಡ್ ಪಾರ್ಟಿ ಹೊಣೆಯನ್ನು, ಅಂದರೆ ಬೇರೆಯವರಿಗೆ ಆದ ಹಾನಿಯ ಕವರ್ ಅನ್ನು, ಮೊದಲು ನೋಡಿ. ಕ್ಲಬ್ಬು, ಸಂಘಗಳ ಸದಸ್ಯತ್ವದ ಜೊತೆಗೇ ಇದು ಬರುವುದುಂಟು. ಬ್ರಿಟನ್ನಿನ ಪ್ಯಾಡಲ್ ಯುಕೆ ಎಂಬ ಕಯಾಕ್ ಸಂಘ ತನ್ನ ಸದಸ್ಯರಿಗೆ ಹೀಗೇ ಕೊಡುತ್ತದೆ. ಆದರೆ ಅದು ಬೇರೆಯವರಿಗೆ ಆದ ಹಾನಿಗೆ. ನಿಮ್ಮ ಕಯಾಕ್ ಒಡೆದರೆ ಅದರಲ್ಲಿ ಏನೂ ಸಿಗುವುದಿಲ್ಲ.

ಈಗ ಕಳ್ಳತನದ ವಿಷಯ. ಮನೆ ವಿಮೆಯಲ್ಲಿ ಕಯಾಕ್ ಬರಬಹುದು, ಆದರೆ ದೋಣಿಗಳಿಗೆ ಬೇರೆಯೇ ಒಂದು ಸಣ್ಣ ಮಿತಿ ಇರುವುದು ಮಾಮೂಲು. ಮನೆಯೊಳಗೆ ಇದ್ದಾಗ ಒಂದು ಲೆಕ್ಕ, ಕಾರಿನ ಮೇಲೋ ನೀರಿನ ದಡದಲ್ಲೋ ಇದ್ದಾಗ ಇನ್ನೊಂದು ಲೆಕ್ಕ. ಬೀಗ ಹಾಕದೆ ಸುಮ್ನೆ ಬಿಟ್ಟಿದ್ದರೆ ಕ್ಲೇಮ್ ತಳ್ಳಿಹಾಕುವ ಷರತ್ತೂ ಇರುತ್ತದೆ. ದಾರಿಯಲ್ಲಿ ಹಗ್ಗ ಬಿಚ್ಚಿ ಕಯಾಕ್ ಹಿಂದಿನ ಗಾಡಿಯ ಮೇಲೆ ಬಿದ್ದರೆ, ಅದು ಹೆಚ್ಚಾಗಿ ಕಾರಿನ ವಿಮೆಗೆ ಹೋಗುವ ವಿಷಯ. ಅದನ್ನೂ ಒಮ್ಮೆ ಕೇಳಿಡಿ.

ಬೇರೆ ಪಾಲಿಸಿ ಮಾಡಿಸಿದರೆ, ಹೊಸದರ ಬೆಲೆ ಕೊಡುತ್ತಾರೋ ಸವಕಳಿ (ಹಳೆಯದಾದಂತೆ ಇಳಿದ ಬೆಲೆ) ಕಳೆದು ಕೊಡುತ್ತಾರೋ ನೋಡಿ. ಬಿಸಿಲಿಗೆ ಬಣ್ಣ ಹೋದ ಹಳೇ ಪ್ಲಾಸ್ಟಿಕ್ ಕಯಾಕಿಗೆ ಸವಕಳಿ ಕಳೆದರೆ ಉಳಿಯುವುದು ಚಿಲ್ಲರೆ. ಪ್ರೀಮಿಯಂ ಉಳಿಸಲು ಅರ್ಧ ಬೆಲೆ ತೋರಿಸಬೇಡಿ. ಹಾಗೆ ಮಾಡಿದರೆ ಸಣ್ಣ ರಿಪೇರಿಗೂ ಖರ್ಚಿನ ಅರ್ಧವನ್ನೇ ಕೊಡುವ ಪಾಲಿಸಿಗಳಿವೆ.

ಹುಟ್ಟು, ಸ್ಪ್ರೇ ಸ್ಕರ್ಟ್ (ಕಯಾಕಿನೊಳಗೆ ನೀರು ಬರದಂತೆ ಸೊಂಟಕ್ಕೆ ಕಟ್ಟುವ ಹೊದಿಕೆ), ಡ್ರೈಸೂಟ್ (ಮೈ ಒದ್ದೆಯಾಗದ ಉಡುಪು), ರೇಡಿಯೋ ಎಲ್ಲವನ್ನೂ ಒಂದೊಂದಾಗಿ ಬೆಲೆ ಸಮೇತ ಪಟ್ಟಿಯಲ್ಲಿ ಸೇರಿಸಿ. ಹುಟ್ಟು ಕೈತಪ್ಪಿ ನೀರಿನಲ್ಲಿ ಕೊಚ್ಚಿಹೋದರೆ ಅದು ಕಳ್ಳತನ ಅಲ್ಲ. ಆಕಸ್ಮಿಕವಾಗಿ ಕಳೆದದ್ದಕ್ಕೂ ಕವರ್ ಇದ್ದರೆ ಮಾತ್ರ ದುಡ್ಡು ಬರುತ್ತದೆ. ಕ್ಲೇಮಿನಲ್ಲಿ ಮೊದಲ ಇಷ್ಟು ಮೊತ್ತ ನಮ್ಮದೇ ಖರ್ಚು ಅಂತ ಇರುತ್ತದಲ್ಲ, ಅದು ಜಾಸ್ತಿ ಇದ್ದರೆ ಚಿಕ್ಕ ಸಾಮಾನಿಗೆ ವಿಮೆ ಇದ್ದೂ ಪ್ರಯೋಜನ ಇಲ್ಲ.

ಇವತ್ತೇ ಮಾಡಬಹುದಾದ ಕೆಲಸ ಒಂದಿದೆ. ಎಷ್ಟೋ ಕಯಾಕ್‌ಗಳ ಹಿಂತುದಿಯ ಬಲಮಗ್ಗುಲಲ್ಲಿ 12 ಅಕ್ಷರ-ಅಂಕಿಗಳ ಗುರುತು ಸಂಖ್ಯೆ ಇರುತ್ತದೆ. ನೆಲಕ್ಕೆ, ಕಲ್ಲಿಗೆ ಉಜ್ಜಿ ನನ್ನದರಲ್ಲಿ ಮಾಸಿಹೋಗಿತ್ತು. ಕತ್ತಲಲ್ಲಿ ಟಾರ್ಚ್ ಬೆಳಕನ್ನು ಓರೆಯಾಗಿ ಬಿಟ್ಟೆ, ಒಂದೊಂದೇ ಅಕ್ಷರ ಎದ್ದು ಕಂಡಿತು. ಫೋಟೋ ತೆಗೆದು ರಸೀದಿಯ ಜೊತೆ ಇಟ್ಟಿದ್ದೇನೆ. ಕಳುವಾದ ಕಯಾಕ್ ಸಿಕ್ಕಿದರೆ ಅದು ನಿಮ್ಮದೇ ಅಂತ ತೋರಿಸಲು ಇದು ಬೇಕಾಗುತ್ತದೆ.

ಬಾಡಿಗೆಗೆ ಕೊಡುವುದು, ದುಡ್ಡು ತೆಗೆದುಕೊಂಡು ಕಲಿಸುವುದು ಇದ್ದರೆ ಸ್ವಂತ ಬಳಕೆಯ ಪಾಲಿಸಿ ನಡೆಯುವುದಿಲ್ಲ, ವ್ಯಾಪಾರದ್ದೇ ಬೇಕು. ಗೆಳೆಯರಿಗೆ ಪುಕ್ಕಟೆ ಕೊಡುವುದಾದರೂ, "ನನ್ನ ಕಯಾಕ್ ಬೇರೆಯವರು ಓಡಿಸುವಾಗ ಯಾರಿಗಾದರೂ ಪೆಟ್ಟಾದರೆ ಕವರ್ ಇದೆಯಾ" ಅಂತ ಕಂಪನಿಗೆ ಇಮೇಲ್ ಮಾಡಿ. ಫೋನಿನಲ್ಲಿ ಹೂಂ ಅಂದದ್ದನ್ನು ನೆಚ್ಚಿಕೊಳ್ಳಬೇಡಿ, ಉತ್ತರ ಬರಹದಲ್ಲಿ ಬರಲಿ. ಅಲ್ಲಿಯವರೆಗೆ ಕಯಾಕ್ ಯಾರಿಗೂ ಕೊಡಬೇಡಿ.