ಮೈಮೇಲೆ ದೇವರು ಬರುವುದನ್ನು ಕೋರ್ಟಿನ ತಪಾಸಣೆಯಲ್ಲಿ ಹೇಳಬೇಕೇ?

ನನ್ನ ತಮ್ಮ ಹಲ್ಲೆ ಪ್ರಕರಣದಲ್ಲಿ ಜೈಲಿನಲ್ಲಿದ್ದಾನೆ, ಮಾನಸಿಕ ತಪಾಸಣೆಗೆ ಆದೇಶವಾಗಿದೆ, ಮೈಮೇಲೆ ದೇವರು ಬರುವುದನ್ನು ಹೇಳಿದರೆ ಹುಚ್ಚನೆಂದು ಬರೆಯುತ್ತಾರೆಯೇ ಎಂದು ಚಳ್ಳಕೆರೆ ಕಡೆಯಿಂದ ಕೇಳಿದ್ದೀರಿ. ಚಿತ್ರದುರ್ಗದಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್ ಆಗಿರುವ ನನ್ನ ಉತ್ತರ: ದಯವಿಟ್ಟು ಹೇಳಿ, ಪೂರ್ತಿ ಹೇಳಿ.

ಜಾತ್ರೆಯಲ್ಲಿ ಉರುಮೆ ಬಡಿಯುವಾಗ ದೇವರು ಬಂದು, ಹೇಳಿಕೆಯಾಗಿ, ಇಳಿದ ಮೇಲೆ ಅವನು ಎಂದಿನಂತೆ ಕುರಿ ಹೊಡೆದುಕೊಂಡು ಹೋಗುತ್ತಿದ್ದರೆ ಅದು ನಿಮ್ಮ ಹಟ್ಟಿಯ ನಡಾವಳಿ. ಸಮಾಜ ಒಪ್ಪಿದ ಧಾರ್ಮಿಕ ಆಚರಣೆಯ ಭಾಗವಾಗಿ ಹೀಗಾದರೆ ಅದನ್ನು ಕಾಯಿಲೆಯೆಂದು ಎಣಿಸಬಾರದೆಂದು ಮಾನಸಿಕ ಕಾಯಿಲೆಗಳನ್ನು ಗುರುತಿಸಲು ವೈದ್ಯರು ಬಳಸುವ 2013ರ ಡಿಎಸ್‌ಎಂ-5 ಕೈಪಿಡಿಯೂ ಹೇಳುತ್ತದೆ. ಆದರೆ ಹೊತ್ತುಗೊತ್ತಿಲ್ಲದೆ ಬರತೊಡಗಿತ್ತೇ? ರಾತ್ರಿಯೆಲ್ಲ ನಿದ್ದೆಯಿಲ್ಲದೆ ಒಬ್ಬನೇ ಮಾತನಾಡುತ್ತಿದ್ದನೇ? ಅನ್ನದಲ್ಲಿ ವಿಷವಿದೆ ಎನ್ನುತ್ತಿದ್ದನೇ? ಇದು ದೇವರಲ್ಲ ಎಂದು ಪೂಜಾರಿಯೇ ಹೇಳಿದ್ದರೇ? ಈ ವ್ಯತ್ಯಾಸ ಊರಿನವರಿಗೆ ಚೆನ್ನಾಗಿ ತಿಳಿದಿರುತ್ತದೆ. ಅವರನ್ನು ವಿಚಾರಿಸದೆ ಬರೆದ ವರದಿ ನನ್ನ ದೃಷ್ಟಿಯಲ್ಲಿ ಅರೆಬರೆ ವರದಿ.

ತಪಾಸಣೆಯಲ್ಲಿ ಎರಡು ಪ್ರಶ್ನೆಗಳಿರಬಹುದು. ವಿಚಾರಣೆ ಎದುರಿಸಲು ಅವನು ಈಗ ಸಮರ್ಥನೇ ಎಂಬುದು ಒಂದು. ಘಟನೆಯ ಹೊತ್ತಿನಲ್ಲಿ ತಾನು ಏನು ಮಾಡುತ್ತಿದ್ದೇನೆ, ಅದು ತಪ್ಪು ಎಂದು ತಿಳಿಯುವ ಸ್ಥಿತಿಯಲ್ಲಿದ್ದನೇ ಎಂಬುದು ಇನ್ನೊಂದು. ಎರಡನೆಯದು ಭಾರತೀಯ ನ್ಯಾಯ ಸಂಹಿತೆಯ 22ನೇ ಕಲಮಿನ ವಿಷಯ. 2024ರ ಜುಲೈ 1ಕ್ಕಿಂತ ಹಿಂದಿನ ಘಟನೆಯಾದರೆ ಹಳೆಯ ಭಾರತೀಯ ದಂಡ ಸಂಹಿತೆಯ (ಐಪಿಸಿ) 84ನೇ ಕಲಮು. ಕಾಯಿಲೆ ಇದೆ ಎಂದಷ್ಟೇ ತೋರಿಸಿದರೆ ಇಲ್ಲಿ ಸಾಲದು. ಘಟನೆಯ ಹಿಂದೆ, ಆ ಹೊತ್ತಿನಲ್ಲಿ, ಆಮೇಲೆ ಅವನು ಹೇಗಿದ್ದನೆಂಬುದನ್ನು ನೋಡಬೇಕೆಂದು ಸುಪ್ರೀಂ ಕೋರ್ಟ್ 1964ರಲ್ಲೇ ಹೇಳಿದೆ. ಹಾಗಾಗಿ ಕಂಡದ್ದನ್ನು ಕಂಡಂತೆ, ಯಾವ ಹಬ್ಬದ ಆಸುಪಾಸು ಎಂಬ ನೆನಪಿನೊಂದಿಗೆ ಹೇಳಿ. ತಾಯತ ಕಟ್ಟಿಸಿದ್ದು, ಗುಡಿಯಲ್ಲಿ ಮಲಗಿಸಿದ್ದು, ಮಾತ್ರೆ ತಂದದ್ದು ಎಲ್ಲವೂ ಬೇಕು. ಯಾರೋ ಹೇಳಿಕೊಟ್ಟ ರೋಗದ ಹೆಸರನ್ನು ಮಾತ್ರ ಒಪ್ಪಿಸಬೇಡಿ. ಹಾಗೆ ಮಾಡಿದರೆ ಅವನ ನಿಜವಾದ ಕಷ್ಟದ ಮೇಲೂ ಸಂಶಯ ಬರುತ್ತದೆ.

ಮನೆಮಾತು ತೆಲುಗೋ ಲಂಬಾಣಿಯೋ ಆಗಿದ್ದರೆ ಅದನ್ನು ಬಲ್ಲ ದುಭಾಷಿಯನ್ನು ಕೇಳಿ ಪಡೆಯಿರಿ. ಕಾವಲಿಗೆ ಬಂದ ಪೊಲೀಸರು ಆ ಕೆಲಸ ಮಾಡಬಾರದು. ಶಾಲೆಯ ಮೆಟ್ಟಿಲು ಹತ್ತದವನಾದರೆ ಅದನ್ನೂ ಮೊದಲೇ ತಿಳಿಸಿ. ಓದುಬರಹ ಬೇಡುವ ಬುದ್ಧಿ ಪರೀಕ್ಷೆಯಲ್ಲಿ ಅಂಕ ಕಡಿಮೆ ಬಂದರೆ ಬುದ್ಧಿಮಾಂದ್ಯನೆಂದು ತಪ್ಪಾಗಿ ಬರೆಯುವ ಅಪಾಯವಿದೆ.

ತಪಾಸಣೆಯಲ್ಲಿ ಆಡಿದ ಮಾತು ನ್ಯಾಯಾಲಯಕ್ಕೆ ಹೋಗುವ ವರದಿಯಲ್ಲಿ ಬರಬಹುದು. ಆದ್ದರಿಂದ ಮೊದಲು ವಕೀಲರನ್ನು ಕಾಣಿ. ಜೈಲಿನಲ್ಲಿರುವವರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ. ತಪಾಸಣೆಯ ದಿನಕ್ಕೆ ಮುಂಚೆಯೇ ಅರ್ಜಿ ಕೊಡಿ.