ಕಾಮಿಕ್ಸ್ ಪುಟ, ಕಾರ್ಟೂನ್ ಸೆಲ್: ಹರಾಜಿಗೆ ಇಳಿಯುವ ಮುಂಚೆ

ಕಾಮಿಕ್ಸ್ ಮತ್ತು ಅನಿಮೇಷನ್‌ನ ಮೂಲ ಚಿತ್ರಗಳ ಹರಾಜಿನ ಬಗ್ಗೆ ಇಷ್ಟೊಂದು ಪತ್ರ ಬರುತ್ತವೆ ಅಂತ ಅಂದುಕೊಂಡಿರಲಿಲ್ಲ. ಈ ಸಲದ ಅಂಕಣ ಪೂರ್ತಿ ಅದಕ್ಕೇ. ಒಂದೇ ಥರದ ಪ್ರಶ್ನೆಗಳನ್ನು ಸೇರಿಸಿ ಒಂದಾಗಿಸಿದ್ದೇನೆ. ಕಾಮಿಕ್ಸ್‌ನ ಮೂಲ ಪುಟ ಅಂದರೆ ಅಚ್ಚಿಗೆ ಕಳಿಸಲು ಕಲಾವಿದ ಕೈಯಲ್ಲಿ ಬರೆದ ಹಾಳೆ. ಸೆಲ್ ಅಂದರೆ ಕಾರ್ಟೂನ್ ಸಿನಿಮಾದ ಒಂದೊಂದು ಚಿತ್ರವನ್ನೂ ಮೂಡಿಸಿ, ಬಣ್ಣ ಹಚ್ಚಿ, ಕ್ಯಾಮೆರಾ ಕೆಳಗಿಡುತ್ತಿದ್ದ ಪಾರದರ್ಶಕ ಪ್ಲಾಸ್ಟಿಕ್ ಹಾಳೆ.

ಸ್ಪೈಡರ್‌ಮ್ಯಾನ್ ಇರುವ ಒಂದೇ ಒಂದು ಪುಟ 33 ಲಕ್ಷ ಡಾಲರ್‌ಗೆ ಹೋಯಿತಂತೆ. ಅದು ಪುಸ್ತಕವೂ ಅಲ್ಲ, ಬರೀ ಕಪ್ಪು-ಬಿಳುಪು ಹಾಳೆ. ನಿಜವಾಗಿ ಯಾರಾದರೂ ಅಷ್ಟು ಕೊಡ್ತಾರಾ? ಇಲ್ಲಾ ಕಪ್ಪು ಹಣ ಬಿಳಿ ಮಾಡುವ ಆಟವಾ? (ಬೆಂಗಳೂರಿನ ಓದುಗರು)

ಕೊಟ್ಟಿದ್ದಾರೆ. 2022ರ ಜನವರಿಯಲ್ಲಿ, ಅಮೆರಿಕದ ಡಲ್ಲಾಸ್‌ನ ಹೆರಿಟೇಜ್ ಆಕ್ಷನ್ಸ್ ನಡೆಸಿದ ಹರಾಜಿನಲ್ಲಿ. 1984ರ 'ಸೀಕ್ರೆಟ್ ವಾರ್ಸ್' ಸರಣಿಯ 8ನೇ ಸಂಚಿಕೆ, 25ನೇ ಪುಟ, ಚಿತ್ರಕಾರ ಮೈಕ್ ಝೆಕ್. ಕೂಗು ಶುರುವಾಗಿದ್ದು 3.3 ಲಕ್ಷ ಡಾಲರ್‌ನಿಂದ, ಕಮಿಷನ್ ಸೇರಿ ಮಾರಾಟವಾಗಿದ್ದು 33.6 ಲಕ್ಷಕ್ಕೆ. ಸ್ಪೈಡರ್‌ಮ್ಯಾನ್‌ಗೆ ಆ ಕಪ್ಪು ಉಡುಪು ಹೇಗೆ ಬಂತು ಅಂತ ತೋರಿಸುವ ಪುಟ ಅದು. ಮುಂದೆ ಅದೇ ಉಡುಪು ವೆನಮ್ ಅನ್ನೋ ಪಾತ್ರವಾಯಿತಲ್ಲ, ಹಾಗಾಗಿ ಆ ಬೆಲೆ.

ಒಂದು ಸಂಚಿಕೆಗೆ ಇಪ್ಪತ್ತು ಚಿಲ್ಲರೆ ಪುಟ ಇದ್ದರೆ, ಅಷ್ಟೂ ಪುಟಗಳನ್ನು ಅದೇ ಕಲಾವಿದ ಅದೇ ತಿಂಗಳು ಬರೆದಿದ್ದರೂ, ಎಲ್ಲಕ್ಕೂ ಒಂದೇ ಬೆಲೆ ಸಿಗುವುದಿಲ್ಲ. ಮುಖಪುಟ ಎಲ್ಲಕ್ಕಿಂತ ದುಬಾರಿ. ಆಮೇಲೆ ಇಡೀ ಪುಟಕ್ಕೆ ಒಂದೇ ಚಿತ್ರ ಇರುವಂಥದ್ದು, ಅದಕ್ಕೆ ಸ್ಪ್ಲಾಶ್ ಅಂತಾರೆ. ಆಮೇಲೆ ನಾಯಕ ವೇಷ ತೊಟ್ಟು ಹೊಡೆದಾಡುವ ಪುಟಗಳು. ಕೊನೆಗೆ, ಇಬ್ಬರು ಆಫೀಸಿನಲ್ಲಿ ಕೂತು ಮಾತಾಡುವ ಪುಟಗಳು. ಇವಕ್ಕೆ ಕೇಳುವವರು ಕಡಿಮೆ, ಆದರೆ ನನ್ನ ಕೇಳಿದರೆ ಕಲಾವಿದನ ಕೈ ಚೆನ್ನಾಗಿ ಕಾಣುವುದು ಎಷ್ಟೋ ಸಲ ಇಂಥ ಪುಟಗಳಲ್ಲೇ. ಯಾವುದಾದರೂ ಪಾತ್ರ ಮೊದಲ ಸಲ ಕಾಣಿಸಿಕೊಂಡ ಪುಟ ಆದರೆ ಈ ಲೆಕ್ಕವೆಲ್ಲ ತಲೆಕೆಳಗು. ವೂಲ್ವರಿನ್ ಮೊದಲು ಇಣುಕುವ 1974ರ 'ಹಲ್ಕ್' 180ನೇ ಸಂಚಿಕೆಯ ಕೊನೇ ಪುಟ 2014ರಲ್ಲಿ ಆರೂವರೆ ಲಕ್ಷ ಡಾಲರ್ ದಾಟಿತು.

ಕಪ್ಪು ಹಣದ ಅನುಮಾನ ಯಾವ ಕಲಾ ಹರಾಜಿಗೂ ಅಂಟಿಕೊಂಡೇ ಇರುತ್ತದೆ. ಈ ಬೆಲೆಗೆ ಅದು ಬೇಕಿಲ್ಲ. 1984ರಲ್ಲಿ ಪಾಕೆಟ್ ಮನಿ ಕೂಡಿಟ್ಟು ಆ ಸಂಚಿಕೆ ಕೊಂಡ ಹುಡುಗರಿಗೆ ಈಗ ಐವತ್ತು ದಾಟಿದೆ, ಅವರಲ್ಲಿ ಕೆಲವರ ಹತ್ತಿರ ದುಡ್ಡೂ ಇದೆ.

ಇಲ್ಲಿ ಒಬ್ಬರು ಮನೆ ಖಾಲಿ ಮಾಡುವಾಗ ಫ್ರೇಮ್ ಹಾಕಿದ ಡಿಸ್ನಿ ಸೆಲ್ ಒಂದನ್ನು 200 ಡಾಲರ್‌ಗೆ ತಗೊಂಡೆ. ಡಿಸ್ನಿ ಮುದ್ರೆ ಇದೆ, ಸರ್ಟಿಫಿಕೇಟ್ ಇದೆ. ಸಿನಿಮಾದಲ್ಲಿ ಬಳಸಿದ್ದೇ ಇರಬೇಕು ಅಲ್ವಾ? (ನ್ಯೂಜೆರ್ಸಿಯ ಓದುಗರು)

ಮೊದಲು ಆ ಸರ್ಟಿಫಿಕೇಟನ್ನು ಪೂರ್ತಿ ಓದಿ. 'ಸೆರಿಸೆಲ್' ಅಂತ ಎಲ್ಲಾದರೂ ಇದ್ದರೆ ಅದು ಸ್ಕ್ರೀನ್ ಪ್ರಿಂಟ್ ಮಾಡಿ, ಅಂಗಡಿಯಲ್ಲಿ ಮಾರಲೆಂದೇ ಸಾವಿರಗಟ್ಟಲೆ ತೆಗೆದದ್ದು. ಡಿಸ್ನಿಯದ್ದೇ, ನಕಲಿಯಲ್ಲ, ಆದರೆ ಕ್ಯಾಮೆರಾ ಕೆಳಗೆ ಹೋಗಿದ್ದಲ್ಲ. 'ಲಿಮಿಟೆಡ್ ಎಡಿಷನ್' ಅಂತ ಇದ್ದು ಮೂಲೆಯಲ್ಲಿ 120/500 ಥರದ ಸಂಖ್ಯೆ ಇದ್ದರೂ ಅಷ್ಟೇ. ಕೈಯಲ್ಲೇ ಬಣ್ಣ ಹಚ್ಚಿರಬಹುದು, ಆದರೂ ಅದು ಮಾರಾಟಕ್ಕೆ ಅಂತ ಮಾಡಿದ್ದು. ನೀವು ಹುಡುಕಬೇಕಾದ ಮಾತು 'ಪ್ರೊಡಕ್ಷನ್ ಸೆಲ್'. ಈ ಹಾಳೆ ಕೆಲಸಕ್ಕೆ ಅಂತ ಹುಟ್ಟಿದ್ದೋ, ಮಾರೋದಕ್ಕೆ ಅಂತ ಹುಟ್ಟಿದ್ದೋ? ಸೆಲ್ ಇರಲಿ, ಕಾಮಿಕ್ಸ್ ಪುಟ ಇರಲಿ, ನಾನು ಮೊದಲು ಕೇಳುವುದು ಇದನ್ನೇ.

ಸರ್ಟಿಫಿಕೇಟ್ ಪಕ್ಕಕ್ಕಿಟ್ಟು ವಸ್ತುವನ್ನೇ ನೋಡಿ. ಫ್ರೇಮ್ ಬಿಚ್ಚಿ, ಕಿಟಕಿ ಬೆಳಕಿಗೆ ಓರೆಯಾಗಿ ಹಿಡಿಯಿರಿ. ಕೆಲಸದ ಸೆಲ್‌ನಲ್ಲಿ ಗೆರೆ ಮುಂದಿನ ಬದಿಗಿರುತ್ತದೆ, ಬಣ್ಣ ಹಿಂದಿನ ಬದಿಗೆ. ಹಿಂದಿನಿಂದ ನೋಡಿದರೆ ಬಣ್ಣ ಒಂದೊಂದು ಕಡೆ ದಪ್ಪ, ಒಂದೊಂದು ಕಡೆ ತೆಳು, ಅಂಚಿನಲ್ಲಿ ಬ್ರಷ್ ನಿಂತ ಜಾಗದಲ್ಲಿ ಸಣ್ಣ ಉಬ್ಬು. ಸ್ಕ್ರೀನ್ ಪ್ರಿಂಟ್ ಆದರೆ ಎಲ್ಲ ಕಡೆ ಒಂದೇ ಸಮ. ಕೆಳಗೋ ಮೇಲೋ ಒಂದು ಅಂಚಿನಲ್ಲಿ ಪೆಗ್‌ಗೆ ಸಿಕ್ಕಿಸುವ ತೂತುಗಳಿರುತ್ತವೆ, ಎಲ್ಲ ಹಾಳೆಗಳೂ ಒಂದರ ಮೇಲೊಂದು ಕದಲದೆ ಕೂರಬೇಕಲ್ಲ, ಅದಕ್ಕೆ. ಕೆಲವೊಮ್ಮೆ ಫ್ರೇಮ್‌ಗೆ ಸರಿಹೊಂದಲಿ ಅಂತ ಆ ಅಂಚನ್ನೇ ಕತ್ತರಿಸಿರುತ್ತಾರೆ, ಹಾಗಾಗಿ ತೂತು ಇಲ್ಲದ ಮಾತ್ರಕ್ಕೆ ಸುಳ್ಳು ಅನ್ನಬೇಡಿ. ಮೂಲೆಯಲ್ಲಿ ಕೈಬರಹದ ಒಂದು ಸಂಖ್ಯೆ ಇದ್ದರೆ ಒಳ್ಳೆ ಲಕ್ಷಣ, ಆ ಚಲನೆಯಲ್ಲಿ ಅದು ಎಷ್ಟನೇ ಚಿತ್ರ ಅನ್ನೋದು ಅದು.

ಯಾವ ಸಿನಿಮಾ ಅಂತ ನೀವು ಬರೆದಿಲ್ಲ. 'ಲಯನ್ ಕಿಂಗ್' ಅಥವಾ 'ಅಲ್ಲಾದೀನ್' ಆಗಿದ್ದರೆ ಇಷ್ಟೆಲ್ಲ ನೋಡುವುದೇ ಬೇಡ. ಡಿಸ್ನಿ ಹೆಚ್ಚುಕಮ್ಮಿ ಪೂರ್ತಿಯಾಗಿ ಸೆಲ್ ಮೇಲೆ ಮಾಡಿದ ಕೊನೆಯ ದೊಡ್ಡ ಸಿನಿಮಾ 1989ರ 'ಲಿಟಲ್ ಮರ್ಮೇಡ್'. ಮುಂದಿನ ವರ್ಷದಿಂದ ಬಣ್ಣ ತುಂಬುವ ಕೆಲಸ ಕಂಪ್ಯೂಟರ್‌ಗೆ ಹೋಯಿತು. 1994ರ ಲಯನ್ ಕಿಂಗ್‌ಗೆ ಸಿನಿಮಾದಲ್ಲಿ ಬಳಸಿದ ಸೆಲ್ ಅನ್ನೋದೇ ಇಲ್ಲ. ಪೆನ್ಸಿಲ್ ಚಿತ್ರಗಳಿವೆ, ಅವು ನಿಜವಾಗಿ ಕೆಲಸದ ಹಾಳೆಗಳು. ಸೆಲ್‌ಗಿಂತ ಅಗ್ಗಕ್ಕೆ ಸಿಗುತ್ತವೆ ಎಷ್ಟೋ ಸಲ, ಮತ್ತು ಅನಿಮೇಟರ್‌ನ ಕೈ ಇರುವುದೂ ಅದರಲ್ಲೇ, ಯಾಕೆಂದರೆ ಸೆಲ್ ಮೇಲೆ ಗೆರೆ ಎಳೆದು ಬಣ್ಣ ಹಚ್ಚುತ್ತಿದ್ದವರು ಬೇರೆ ವಿಭಾಗದವರು. 1961ರ '101 ಡಾಲ್ಮೇಷನ್ಸ್' ಹೊತ್ತಿಗೆ ಗೆರೆಯನ್ನು ಕೈಯಲ್ಲಿ ಎಳೆಯುವುದೂ ಹೋಗಿ ಝೆರಾಕ್ಸ್ ಬಂದಿತ್ತು.

ಹಳೆಯದ್ದಾಗಿದ್ದರೆ ಹಿಂದಿನ ಲೇಬಲ್ ನೋಡಿ. 'ಸ್ನೋ ವೈಟ್' ಕಾಲದಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಕೂರ್ವಾಸಿಯೇ ಗ್ಯಾಲರಿ ಈ ಸೆಲ್‌ಗಳನ್ನು ಕತ್ತರಿಸಿ, ಮರದ ಹಾಳೆಯದ್ದೋ ಅಲಂಕಾರದ ಕಾಗದದ್ದೋ ಹಿನ್ನೆಲೆಗೆ ಅಂಟಿಸಿ ಮಾರಿತ್ತು. 1955ರಿಂದ ಡಿಸ್ನಿಲ್ಯಾಂಡ್ ಒಳಗೇ ಒಂದು ಅಂಗಡಿಯಲ್ಲಿ ಒಂದೆರಡು ಡಾಲರ್‌ಗೆ ಕೊಡುತ್ತಿದ್ದರು. ಹೀಗೆ ಮಾರುವುದು ಶುರುವಾಗುವ ಮುಂಚೆ? ತೊಳೆದು ಮತ್ತೆ ಬಳಸುತ್ತಿದ್ದರು, ಇಲ್ಲಾ ಎಸೆಯುತ್ತಿದ್ದರು.

ನನ್ನ ಸೆಲ್‌ನಿಂದ ವಿನೆಗರ್ ವಾಸನೆ ಬರ್ತಿದೆ. (ಪುಣೆಯ ಓದುಗರು)

ಹಾಳೆಯ ಪ್ಲಾಸ್ಟಿಕ್, ಅಂದರೆ ಅಸಿಟೇಟ್, ಕೆಡುತ್ತಿದೆ. ಶುರುವಾದದ್ದನ್ನು ನಿಲ್ಲಿಸಲು ಆಗುವುದಿಲ್ಲ, ನಿಧಾನ ಮಾಡಬಹುದು. ಗಾಳಿಯಾಡದ ಪ್ಲಾಸ್ಟಿಕ್ ಕವರ್‌ನಲ್ಲಿ ಮುಚ್ಚಿಡಬೇಡಿ, ಬೇರೆ ಸೆಲ್‌ಗಳಿಂದ ದೂರ ಇಡಿ, ತಂಪಾದ ಒಣ ಜಾಗ ಹುಡುಕಿ. ಹಿಂದೆ ಕಾಗದ ಅಂಟಿಕೊಂಡಿದ್ದರೆ ಎಳೆಯಬೇಡಿ, ಬಣ್ಣ ಕಿತ್ತು ಬರುತ್ತದೆ. ಕೊಳ್ಳುವವರಿಗೆ ಒಂದು ಮಾತು: ಫೋಟೋದಲ್ಲಿ ವಾಸನೆ ಬರುವುದಿಲ್ಲ, ಅದಕ್ಕೇ ಮಾರುವವರನ್ನು ಬಾಯಿಬಿಟ್ಟು ಕೇಳಿ, ಉತ್ತರವನ್ನು ಮೇಲ್‌ನಲ್ಲಿ ತಗೊಳ್ಳಿ.

ಆನ್‌ಲೈನ್‌ನಲ್ಲಿ ಕೂಗಬಹುದು ಅಂತ ಗೊತ್ತಾಯಿತು. ಒಂದು ಸಾವಿರ ಡಾಲರ್ ತೆಗೆದಿಟ್ಟಿದ್ದೇನೆ. ಸಾಕಾ? (ಮೈಸೂರಿನ ಓದುಗರು)

ಸಾಕು. ಆದರೆ ಸಾವಿರಕ್ಕೆ ಕೂಗಬೇಡಿ. ಏಳುನೂರಕ್ಕೆ ನಿಲ್ಲಿಸಿ.

ಹರಾಜು ಸಂಸ್ಥೆ ಕೊಳ್ಳುವವರ ಕೈಯಿಂದಲೂ ಕಮಿಷನ್ ತಗೊಳ್ಳುತ್ತದೆ, ಬಯರ್ಸ್ ಪ್ರೀಮಿಯಂ ಅಂತ. ಸಾಮಾನ್ಯವಾಗಿ ಶೇ. 20 ಅಥವಾ ಅದಕ್ಕಿಂತ ಜಾಸ್ತಿ. ನೀವು 700ಕ್ಕೆ ಗೆದ್ದರೆ ಬಿಲ್ಲು 840. ಆಮೇಲೆ ಪ್ಯಾಕಿಂಗ್, ಕೊರಿಯರ್, ವಿಮೆ. ಇಲ್ಲಿಗೆ ಬಂದಮೇಲೆ ಕಸ್ಟಮ್ಸ್ ಸುಂಕ, ತೆರಿಗೆ. ಈ ಕೊನೆಯದ್ದನ್ನು ಕೂಗುವ ಮುಂಚೆಯೇ ಒಬ್ಬ ಕಸ್ಟಮ್ಸ್ ಏಜೆಂಟ್ ಹತ್ತಿರ ಕೇಳಿಟ್ಟುಕೊಳ್ಳಿ. ಕೈಯಲ್ಲಿ ಬರೆದ ಚಿತ್ರ, ಅಚ್ಚಾದ ಪುಸ್ತಕ, ಪೋಸ್ಟರ್ ಒಂದೇ ಪಟ್ಟಿಯಲ್ಲಿ ಬರುವುದಿಲ್ಲ, ಪಾರ್ಸಲ್ ಮೇಲೆ ಏನು ಬರೆದಿದ್ದಾರೆ ಅನ್ನೋದರ ಮೇಲೆ ಸುಂಕ ನಿಂತಿರುತ್ತದೆ. 'ಗಿಫ್ಟ್ ಅಂತ ಹಾಕಿ ಕಳಿಸ್ತೀನಿ, 50 ಡಾಲರ್ ಅಂತ ಬರೀತೀನಿ' ಅನ್ನುವ ಪರೋಪಕಾರಿಗಳನ್ನು ದೂರ ಇಡಿ. ದಾರಿಯಲ್ಲಿ ಕಳೆದರೆ ವಿಮೆಯವರು ಕೊಡುವುದೂ 50 ಡಾಲರೇ.

ನಿಮ್ಮ ಗರಿಷ್ಠ ಮೊತ್ತವನ್ನು ಮೊದಲೇ ಹಾಕಿಬಿಟ್ಟರೆ ಅವರ ವ್ಯವಸ್ಥೆ ನಿಮ್ಮ ಪರವಾಗಿ ಬೇಕಾದಷ್ಟೇ ಏರಿಸುತ್ತ ಹೋಗುತ್ತದೆ. ಹಾಗೇ ಮಾಡಿ, ಮಲಗಿಬಿಡಿ. ಅಲ್ಲಿ ಮಧ್ಯಾಹ್ನ ಅಂದರೆ ನಮಗೆ ಸರಿರಾತ್ರಿ, ನಿದ್ದೆಗಣ್ಣಲ್ಲಿ 'ಇನ್ನೊಂದೇ ಒಂದು ಐವತ್ತು' ಅಂತ ಬಟನ್ ಒತ್ತಿದವರ ಕತೆಗಳು ಈ ಪತ್ರಗಳಲ್ಲೇ ಬೇಕಾದಷ್ಟಿವೆ. ಆ ಮೊತ್ತಕ್ಕೆ ಏನು ಸಿಗುತ್ತದೆ ಅಂದರೆ, ಅಷ್ಟು ಹೆಸರಿಲ್ಲದ ಸರಣಿಗಳ 80-90ರ ದಶಕದ ಪುಟ, ಟಿವಿ ಕಾರ್ಟೂನ್‌ಗಳ ಸೆಲ್, ಜಪಾನಿನ ಟಿವಿ ಸರಣಿಗಳ ಸೆಲ್. ಜಪಾನಿನವರು ಡಿಸ್ನಿಗಿಂತ ಎಷ್ಟೋ ವರ್ಷ ತಡವಾಗಿ ಸೆಲ್ ಬಿಟ್ಟವರು, 'ಸಝಾಯೆ-ಸಾನ್' ಅನ್ನೋ ಸರಣಿ 2013ರವರೆಗೂ ಬಿಟ್ಟಿರಲಿಲ್ಲ.

ನಕಲಿ ಗುರುತಿಸುವುದು ಹೇಗೆ? ಸ್ನೂಪಿ ಸ್ಕೆಚ್ ಒಂದು ತುಂಬಾ ಅಗ್ಗಕ್ಕೆ ಬಂದಿದೆ, ಸಹಿಯೂ ಇದೆ. (ಮಂಗಳೂರಿನ ಓದುಗರು)

ಬಿಟ್ಟುಬಿಡಿ. ಸ್ನೂಪಿ ಅನ್ನೋ ಕಾರ್ಟೂನ್ ನಾಯಿಯನ್ನು ಸೃಷ್ಟಿಸಿದ ಚಾರ್ಲ್ಸ್ ಶುಲ್ಜ್ ಹೆಸರಿನ ಸಣ್ಣ ಸ್ಕೆಚ್‌ಗಳಲ್ಲಿ ನಕಲಿಯದ್ದೇ ದೊಡ್ಡ ಸಂತೆ. ಸ್ನೂಪಿಯನ್ನು ನಾಲ್ಕು ಗೆರೆಯಲ್ಲಿ ಬರೆಯಬಹುದು, ಹಾಗಾಗಿ ಎಲ್ಲರೂ ಬರೆಯುತ್ತಾರೆ.

ಅಚ್ಚಿಗೆ ಹೋದ ಪುಟ ಆದರೆ ಹೋಲಿಸಿ ನೋಡಲು ಏನಾದರೂ ಇರುತ್ತದೆ. ಅಚ್ಚಾದ ಸಂಚಿಕೆ ಪಕ್ಕದಲ್ಲಿಟ್ಟು ಗೆರೆಗೆ ಗೆರೆ ನೋಡಿ. ಅಮೆರಿಕದ ಕಾಮಿಕ್ಸ್ ಹಾಳೆ ಸುಮಾರು 11 ಇಂಚು ಅಗಲ, 17 ಇಂಚು ಉದ್ದ, 1967ಕ್ಕಿಂತ ಹಿಂದಿನದ್ದು ಇನ್ನೂ ದೊಡ್ಡದು. ಇಂಕ್ ಕೆಳಗೆ ಅಳಿಸಿ ಉಳಿದ ಪೆನ್ಸಿಲ್, ತಿದ್ದಿದ ಕಡೆ ಬಿಳಿ ಬಣ್ಣ, ಅಂಟಿಸಿದ ಮಾತಿನ ಗುಳ್ಳೆ, ಅಂಚಿನಲ್ಲಿ ಸಂಪಾದಕರ ಗೀಚು. ಹೀಗೆಲ್ಲ ಗಲೀಜಾಗಿರಬೇಕು. ತುಂಬ ಶುಭ್ರವಾಗಿ, ಒಂದೇ ಉಸಿರಿಗೆ ಎಳೆದ ಹಾಗೆ ಗೆರೆ ಇದ್ದರೆ ಲೈಟ್ ಬಾಕ್ಸ್ ಮೇಲೆ ಇಟ್ಟು ತೆಗೆದ ನಕಲೋ ಏನೋ ಅಂತ ಅನುಮಾನ ಪಡಿ. ಈಚಿನ ಪುಟಗಳಲ್ಲಿ ಮಾತಿನ ಗುಳ್ಳೆ ಇರುವುದಿಲ್ಲ, ಅದು ಕಂಪ್ಯೂಟರ್‌ನಲ್ಲಿ ಸೇರುತ್ತದೆ, ಅದಕ್ಕೆ ಗಾಬರಿ ಬೇಡ. ಇನ್ನು, ಕಲಾವಿದರೇ ತಮ್ಮ ಹಳೇ ಮುಖಪುಟವನ್ನು ಮತ್ತೆ ಬರೆದು ಮಾರುವುದುಂಟು. ಹಾಗಂತ ಹೇಳಿ ಮಾರಿದರೆ ಅದರಲ್ಲಿ ಮೋಸವಿಲ್ಲ.

ಬ್ರಸೆಲ್ಸ್‌ನಲ್ಲಿದ್ದಾಗ ಕೊಂಡ ಒಂದು ಕಾಮಿಕ್ಸ್ ಚಿತ್ರ ಇದೆ, ನಡುವೆ ಮಡಿಕೆ ಗೆರೆ. ಸರಿಮಾಡಿಸಿ ಮಾರಲಾ? ಟೀ ಶರ್ಟ್ ಮೇಲೆ ಹಾಕಿಸಬಹುದಾ? (ಹುಬ್ಬಳ್ಳಿಯ ಓದುಗರು)

ಇಸ್ತ್ರಿ ಪೆಟ್ಟಿಗೆ ಮುಟ್ಟಬೇಡಿ. ಎರ್ಜೆ 1936ರಲ್ಲಿ 'ನೀಲಿ ಕಮಲ' ಟಿನ್‌ಟಿನ್ ಪುಸ್ತಕಕ್ಕೆ ಬರೆದ, ಬಳಕೆಯಾಗದೇ ಉಳಿದ ಮುಖಪುಟ 2021ರ ಜನವರಿಯಲ್ಲಿ ಪ್ಯಾರಿಸ್‌ನ ಆರ್ಟ್‌ಕ್ಯೂರಿಯಲ್‌ನಲ್ಲಿ ಸುಮಾರು 32 ಲಕ್ಷ ಯೂರೋಗೆ ಹೋಯಿತು, ಮಡಿಕೆ ಗೆರೆಗಳ ಸಮೇತ. ಅಷ್ಟು ಬಣ್ಣದ ಅಚ್ಚು ದುಬಾರಿ ಅಂತ ಬಿಟ್ಟರು, ಪ್ರಕಾಶಕರ ಮಗನಿಗೆ ಕೊಟ್ಟರು, ಅವನು ಮಡಿಚಿ ಡ್ರಾಯರ್‌ನಲ್ಲಿಟ್ಟ ಅಂತ ಹರಾಜಿನವರು ಕತೆ ಹೇಳಿದರು. ಕತೆಯನ್ನು ಒಪ್ಪದ ತಜ್ಞರೂ ಇದ್ದರು, ಬೆಲೆ ಏನೂ ಇಳಿಯಲಿಲ್ಲ. ನಿಮ್ಮದಕ್ಕೆ ರಸೀದಿ ಇದ್ದರೆ ಅದನ್ನು ಹುಡುಕಿ, ಮಡಿಕೆ ತೆಗೆಸುವುದಕ್ಕಿಂತ ಅದು ಮುಖ್ಯ. ಮಾರುವಾಗಲೂ ಕಮಿಷನ್ ಇದೆ, ಹಣ ಕೈಗೆ ಬರಲು ಒಂದೂವರೆ ತಿಂಗಳಾದರೂ ಆಗಬಹುದು.

ಟೀ ಶರ್ಟ್ ಬೇಡ. ನೀವು ಕೊಂಡದ್ದು ಹಾಳೆಯನ್ನು, ಅಚ್ಚು ಹಾಕುವ ಹಕ್ಕನ್ನಲ್ಲ. ಯುರೋಪ್ ಒಕ್ಕೂಟದಲ್ಲಿ ಹರಾಜಾದಾಗ ಕಲಾವಿದರಿಗೆ ಅಥವಾ ವಾರಸುದಾರರಿಗೆ ಒಂದು ಪಾಲು ಹೋಗುತ್ತದೆ, ಸಾಮಾನ್ಯವಾಗಿ ಶೇ. 4ರಿಂದ ಶುರು, ಎಷ್ಟೇ ಬೆಲೆ ಬಂದರೂ 12,500 ಯೂರೋ ಮೀರುವುದಿಲ್ಲ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ 53ಎ ಕಲಮಿನಲ್ಲೂ ಅಂಥದ್ದೇ ಇದೆ: ಮೂಲ ಚಿತ್ರ ಹತ್ತು ಸಾವಿರ ರೂಪಾಯಿಗಿಂತ ಜಾಸ್ತಿಗೆ ಮರುಮಾರಾಟವಾದರೆ ಕಲಾವಿದರಿಗೆ ಶೇ. 10 ಮೀರದ ಪಾಲು. ಕಾಗದದ ಮೇಲಿದೆ, ಕೇಳುವವರು ಕಡಿಮೆ.

80ರ ದಶಕದಲ್ಲಿ ವಾರಪತ್ರಿಕೆಗಳಿಗೆ ಚಿತ್ರಕತೆ, ವ್ಯಂಗ್ಯಚಿತ್ರ ಬರೆಯುತ್ತಿದ್ದೆ. ಮರಳಿ ಸಿಕ್ಕ ಕೆಲವು ಮೂಲ ಚಿತ್ರಗಳು ಬೀರುವಿನಲ್ಲಿವೆ. ಯಾರಾದರೂ ಕೊಳ್ಳುತ್ತಾರಾ? ಮಗ ಲ್ಯಾಮಿನೇಟ್ ಮಾಡಿಸೋಣ ಅಂತಾನೆ. (ಧಾರವಾಡದ ಓದುಗರು)

ಸರ್, ಮಗನನ್ನು ಮೊದಲು ತಡೆಯಿರಿ. ಲ್ಯಾಮಿನೇಟ್ ಮಾಡಿದರೆ ಮತ್ತೆ ಬಿಡಿಸಲು ಆಗುವುದಿಲ್ಲ, ಯಾವ ಹರಾಜಿನವರೂ ಹತ್ತಿರ ಸೇರಿಸುವುದಿಲ್ಲ.

ಮರಳಿ ಸಿಕ್ಕವಲ್ಲ, ಅದೇ ದೊಡ್ಡದು. ಅಮೆರಿಕದಲ್ಲೂ ಎಷ್ಟೋ ವರ್ಷ ಚಿತ್ರಗಳನ್ನು ವಾಪಸ್ ಕೊಡುತ್ತಿರಲಿಲ್ಲ. ಮಾರ್ವೆಲ್‌ಗೆ ಹತ್ತು ಸಾವಿರಕ್ಕೂ ಹೆಚ್ಚು ಪುಟ ಬರೆದ ಜ್ಯಾಕ್ ಕರ್ಬಿಗೆ ಜಗಳವಾಡಿ 1987ರಲ್ಲಿ ಸಿಕ್ಕಿದ್ದು ಸುಮಾರು ಎರಡು ಸಾವಿರ.

ಇಲ್ಲಿ ಪೇಂಟಿಂಗ್‌ಗಳಿಗೆ ಇರುವಂಥ ಹರಾಜಿನ ಮಾರುಕಟ್ಟೆ ಪತ್ರಿಕೆಯ ಚಿತ್ರಗಳಿಗೆ ಇನ್ನೂ ಬೆಳೆದಿಲ್ಲ. ಡಲ್ಲಾಸ್ ಬೆಲೆ ನೋಡಿ ಆಸೆ ಇಟ್ಟುಕೊಳ್ಳಬೇಡಿ, ಕಂತೆಗಟ್ಟಿ ಯಾರೋ ಕೇಳಿದ ಬೆಲೆಗೆ ಕೊಡಲೂ ಬೇಡಿ. ಬೆಂಗಳೂರಿನ ಎಂ.ಜಿ. ರಸ್ತೆ ಬಳಿಯ ಭಾರತೀಯ ವ್ಯಂಗ್ಯಚಿತ್ರಕಾರರ ಸಂಸ್ಥೆಯ ಗ್ಯಾಲರಿಯಲ್ಲಿ ಪ್ರದರ್ಶನಗಳು ನಡೆಯುತ್ತಿರುತ್ತವೆ. ಒಂದು ಸಲ ಹೋಗಿ ಮಾತಾಡಿ. ಪ್ರದರ್ಶನದಲ್ಲಿ ಗೋಡೆ ಮೇಲೆ ಬಂದ ಚಿತ್ರಕ್ಕೆ ಆಮೇಲೆ ಕೇಳುವವರು ಹುಟ್ಟುತ್ತಾರೆ. ಪ್ರತಿ ಚಿತ್ರದ ಜೊತೆ ಅದು ಅಚ್ಚಾದ ಸಂಚಿಕೆಯೋ, ಕತ್ತರಿಸಿದ ಪುಟವೋ ಸಿಕ್ಕರೆ ಇಡಿ. ಪತ್ರಿಕೆ, ತಾರೀಖು, ಸಂಭಾವನೆ ಎಷ್ಟು ಬಂತು ಅನ್ನೋದನ್ನೂ ಬೇರೆ ಕಾಗದದಲ್ಲಿ ಬರೆದು ಸಹಿ ಹಾಕಿ, ಚಿತ್ರದ ಹಿಂದೆ ಬಾಲ್ ಪೆನ್ನಲ್ಲಿ ಬರೆಯಬೇಡಿ, ಮುಂದಕ್ಕೆ ಒತ್ತಿಕೊಳ್ಳುತ್ತದೆ. ಆಮ್ಲವಿಲ್ಲದ ಕಾಗದವನ್ನು ನಡುನಡುವೆ ಹಾಕಿ ಮಲಗಿಸಿಡಿ. ಮಳೆಗಾಲ ಮುಗಿದ ಕೂಡಲೇ ಒಮ್ಮೆ ತೆಗೆದು ನೋಡಿ, ಬೂಷ್ಟು ಬಂದಿದ್ದರೆ ಬಿಸಿಲಿಗೆ ಹಾಕದೆ ನೆರಳಲ್ಲಿ ಗಾಳಿಗೆ ಇಡಿ.