ಎಲೆಕ್ಟ್ರಿಕ್ ಗಿಟಾರ್‌ಗೆ ಕಾರಿನ ಡ್ಯಾಶ್‌ಬೋರ್ಡ್ ಪಾಲಿಶ್ ಹಾಕಬಹುದಾ, ಗಿಟಾರ್ ಪಾಲಿಶೇ ತರಿಸಬೇಕಾ?

ಕಪ್ಪು ಗಿಟಾರ್, ದಾವಣಗೆರೆಯ ಧೂಳು, ಪಿ.ಬಿ. ರಸ್ತೆಯ ಆಟೊಮೊಬೈಲ್ ಅಂಗಡಿಯಲ್ಲಿ ತಂದ ಡ್ಯಾಶ್‌ಬೋರ್ಡ್ ಸ್ಪ್ರೇ. ನಿಮ್ಮ ಪ್ರಶ್ನೆಯಲ್ಲಿ ಬರೆದ ಈ ಮೂರೂ ನನ್ನ ಮನೆಯಲ್ಲೂ ಇದ್ದವು. ಎರಡು ಸಲ ಹೊಡೆದಿದ್ದೀರಿ, ಮೂರು ದಿನ ಮಿಂಚಿ ಮತ್ತೆ ಮಂಕಾಗಿದೆ. ಮೂರನೇ ಸಲ ಹೊಡೆಯಬೇಡಿ. ಗಿಟಾರ್ ಪಾಲಿಶನ್ನೂ ಈಗಲೇ ತರಿಸಬೇಡಿ. ನಿಮ್ಮ ಗಿಟಾರ್‌ಗೆ ಸದ್ಯ ಬೇಕಿರುವುದು ಪಾಲಿಶ್ ಅಲ್ಲ, ಮೇಲೆ ಕೂತಿರುವುದನ್ನು ತೆಗೆಯುವುದು.

ನಾನು ಅದೇ ತರಹದ ಸ್ಪ್ರೇಯನ್ನು ಹದಿನೈದು ದಿನಕ್ಕೊಮ್ಮೆ, ಹೆಚ್ಚುಕಡಿಮೆ ಎರಡು ವರ್ಷ ಹೊಡೆದೆ. ಗಿಟಾರ್ ನೋಡಲು ಹೊಸದರ ಹಾಗೇ ಇತ್ತು. ಒಂದು ದಿನ ಹೆಗಲಿಗೆ ಹಾಕುವ ಬೆಲ್ಟ್ ಕಳಚಿ ಕಡಪಾ ಕಲ್ಲಿನ ನೆಲಕ್ಕೆ ಬಿತ್ತು, ಬಾಡಿಯ ಮೇಲಿನ ಕೊಂಬಿನ (ಕುತ್ತಿಗೆಯ ಪಕ್ಕಕ್ಕೆ ಚಾಚಿದ ಮೂಲೆಯ) ಹತ್ತಿರ ಕಿರುಬೆರಳ ಉಗುರಿನಷ್ಟು ಬಣ್ಣ ಮರದವರೆಗೂ ಎದ್ದುಹೋಯಿತು. ಕಾರಿಗೆ ಬಣ್ಣ ಹೊಡೆಯುವ ಗ್ಯಾರೇಜಿಗೆ ಒಯ್ದೆ. ಪೇಂಟರ್ ಆ ಜಾಗವನ್ನು ವಾಟರ್ ಪೇಪರಿನಲ್ಲಿ (ನೀರು ಹಾಕಿ ತಿಕ್ಕುವ ಮರಳು ಕಾಗದ) ತಿಕ್ಕಿ, ಒರೆಸಿ, ಕಪ್ಪು ಪಿಯು (ಪಾಲಿಯುರೆಥೇನ್) ಪೇಂಟ್ ಹೊಡೆದರು. ಕಣ್ಣೆದುರೇ ಬಣ್ಣ ಅಲ್ಲಲ್ಲಿ ಹಿಂದೆ ಸರಿದು, ಮೀನಿನ ಕಣ್ಣಿನಂಥ ದುಂಡನೆಯ ಗುಳಿಗಳು ಬಿದ್ದವು. ತೆಗೆದು ಮತ್ತೆ ಹೊಡೆದರು, ಗುಳಿ ಹೆಚ್ಚಾದವು. ಮೂರನೇ ಸಲ ಸ್ಪ್ರೇ ಗನ್ ಕೆಳಗಿಟ್ಟು ಕೇಳಿದರು: "ಟೈರಿಗೆ ಹೊಡೆಯೋ ಸ್ಪ್ರೇ ಏನಾದ್ರೂ ಹಚ್ಚಿದ್ಯೇನಪ್ಪಾ ಇದಕ್ಕೆ?"

ಅವರು ಕೇಳಿದ್ದು ಸಿಲಿಕೋನ್ ಎಣ್ಣೆಯ ಬಗ್ಗೆ. ಡ್ಯಾಶ್‌ಬೋರ್ಡ್ ಸ್ಪ್ರೇ, ಟೈರ್ ಶೈನರ್, ಕೆಲವು ಫರ್ನಿಚರ್ ಸ್ಪ್ರೇಗಳಲ್ಲಿ ಮಿಂಚು ಬರುವುದು ಅದರಿಂದಲೇ. ಅದು ಏನು ಮಾಡುತ್ತದೆ ಎಂದು ನನಗೆ ಮೊದಲೇ ಗೊತ್ತಿದ್ದರೆ ಒಂದು ಗಿಟಾರ್ ಬಾಡಿ ಉಳಿಯುತ್ತಿತ್ತು, ಅದಕ್ಕೇ ಬಿಡಿಸಿ ಬರೆಯುತ್ತೇನೆ. ದ್ರವ ಒಂದು ಮೈಮೇಲೆ ಹರಡಬೇಕಾದರೆ ಅದರ ಮೇಲ್ಮೈ ಸೆಳೆತ (ದ್ರವ ತನ್ನ ಮೈಯನ್ನು ಒಟ್ಟಾಗಿ ಎಳೆದುಕೊಳ್ಳುವ ಬಲ) ಆ ಮೈಯದಕ್ಕಿಂತ ಕಡಿಮೆ ಇರಬೇಕು. ನೀರಿನದು ಸುಮಾರು 72 (ಮೀಟರಿಗೆ ಮಿಲಿನ್ಯೂಟನ್) ಇದ್ದರೆ ಸಿಲಿಕೋನ್ ಎಣ್ಣೆಯದು ಬರೀ 20-21ರ ಆಸುಪಾಸು. ಹಾಗಾಗಿ ಸಿಲಿಕೋನ್ ಬಹುತೇಕ ಎಲ್ಲದರ ಮೇಲೂ ಹರಡಿಕೊಳ್ಳುತ್ತದೆ, ಅದರ ಮೇಲೆ ಬೇರೆ ಹೆಚ್ಚಿನ ದ್ರವಗಳು ಹರಡುವುದಿಲ್ಲ. ಹೊಸ ಬಣ್ಣ, ಲ್ಯಾಕರ್ (ಬಣ್ಣದ ಮೇಲೆ ಹೊಡೆಯುವ ಹೊಳಪಿನ ಲೇಪ) ಎರಡೂ ಅದನ್ನು ಕಂಡಲ್ಲಿ ಹಿಂದೆ ಸರಿಯುತ್ತವೆ. ಕಣ್ಣಿಗೆ ಕಾಣದಷ್ಟಿದ್ದರೂ ಸಾಕು. ಜೊತೆಗೆ ಅದು ಆರುವುದಿಲ್ಲ, ಆವಿಯಾಗುವುದಿಲ್ಲ, ಕೆಡುವುದೂ ಇಲ್ಲ. ಹಾಕಿದಲ್ಲೇ ವರ್ಷಗಟ್ಟಲೆ ಕೂತಿರುತ್ತದೆ.

ಬಿರುಕಿಲ್ಲದ ಪಾಲಿಯೆಸ್ಟರ್ ಅಥವಾ ಪಾಲಿಯುರೆಥೇನ್ ಫಿನಿಶ್ (ಮರದ ಮೇಲಿನ ಲೇಪ) ಮೇಲೆ ಅದು ಮೇಲ್ಗಡೆಯೇ ನಿಲ್ಲುತ್ತದೆ. ಆದರೆ ಕುತ್ತಿಗೆ ಬಾಡಿಗೆ ಸೇರುವ ಗುಳಿಯ ಅಂಚಿನಲ್ಲಿ, ಬೆಲ್ಟ್ ಗುಂಡಿಯ ಸ್ಕ್ರೂ ಸುತ್ತ ಕೂದಲೆಳೆಯಷ್ಟು ಬಿರುಕು ಇರುವುದು ತೀರಾ ಸಾಮಾನ್ಯ. ನನ್ನ ಗಿಟಾರಿನಲ್ಲಿ ಗುಂಡಿಯ ಪಕ್ಕದಲ್ಲೇ ಇತ್ತು. ಎರಡು ವರ್ಷ ಆ ಬಿರುಕಿಗೆ ನಾನೇ ಸಿಲಿಕೋನ್ ಕುಡಿಸಿದ್ದೆ, ಅದು ಮರದ ಎಳೆಗೆ ಇಳಿದಿತ್ತು. ತಿಕ್ಕಿದರೆ ಹೋಗುತ್ತದೆ ಎಂದುಕೊಳ್ಳುತ್ತೇವೆ. ತಿಕ್ಕುವ ಕಾಗದವೇ ಅದನ್ನು ಪಕ್ಕದ ಜಾಗಕ್ಕೂ ಹೊಸ ಗೀರುಗಳೊಳಕ್ಕೂ ಸಾಗಿಸುತ್ತದೆ. ಥಿನ್ನರ್ ಬಟ್ಟೆಯಿಂದ ಹಿಂದೆ ಮುಂದೆ ಒರೆಸಿದರೆ ತೆಳುವಾಗಿ ಇನ್ನಷ್ಟು ಅಗಲಕ್ಕೆ ಹರಡುತ್ತದೆ. ಪೇಂಟರ್ ಮೊದಲು ಮಾಡಿದ್ದು ಇವೆರಡೇ, ತಪ್ಪು ಅವರದಲ್ಲ, ನಾನು ಹೇಳಿರಲಿಲ್ಲ. ಉಗುರಿನಷ್ಟು ಜಾಗದ ಕೆಲಸ ಇಡೀ ಬಾಡಿಯನ್ನು ಮರದವರೆಗೆ ಇಳಿಸುವ ಕೆಲಸವಾಯಿತು. ಗ್ರೀಸ್ ತೆಗೆಯುವ ದ್ರಾವಣದಿಂದ ಒಂದೇ ದಿಕ್ಕಿಗೆ ಒರೆಸಿ, ಪ್ರತಿ ಸಲ ಬಟ್ಟೆ ಬದಲಿಸಿ, ಮೇಲೆ ಬಡಗಿಗಳು ಫ್ರೆಂಚ್ ಪಾಲಿಶ್‌ಗೆ ಬಳಸುವ ಅರಗನ್ನು ಸ್ಪಿರಿಟ್‌ನಲ್ಲಿ ಕರಗಿಸಿ ಎರಡು ಕೋಟ್ ಕೊಟ್ಟ ಮೇಲೆಯೇ ಬಣ್ಣ ನಿಂತದ್ದು. ಅರಗು ಸಿಲಿಕೋನನ್ನು ಕೆಳಗೇ ಮುಚ್ಚಿಡುತ್ತದೆ. ಇದಕ್ಕೆ ಮೇಣ ತೆಗೆದ ಅರಗೇ ಆಗಬೇಕು, ಇಲ್ಲದಿದ್ದರೆ ಪಿಯು ಸರಿಯಾಗಿ ಹಿಡಿಯದು. ಇಷ್ಟಾದರೂ ಕೊಂಬಿನ ಹತ್ತಿರ ಎರಡು ಗುಳಿ ಇವತ್ತಿಗೂ ಇವೆ.

ಮೂರು ದಿನಕ್ಕೇ ಮತ್ತೆ ಮಂಕಾಗುವುದಕ್ಕೂ ಆ ಸ್ಪ್ರೇಯೇ ಕಾರಣ. ಎಣ್ಣೆ ಸಣ್ಣ ಗೀರುಗಳನ್ನು ತುಂಬಿ ಮಿಂಚು ಕೊಡುತ್ತದೆ, ಆಮೇಲೆ ಅದೇ ಎಣ್ಣೆಗೆ ಧೂಳು ಅಂಟುತ್ತದೆ. ಮಂಡಕ್ಕಿ ಭಟ್ಟಿಗಳ ಕಡೆ ಮನೆಯಿದ್ದರೆ ಹೊಗೆಯ ಮಸಿಯೂ ಸೇರುತ್ತದೆ. ನೀವು ಒಣ ಬಟ್ಟೆಯಲ್ಲಿ ಒರೆಸುತ್ತೀರಿ. ನಮ್ಮ ಕಡೆಯ ಧೂಳಿನಲ್ಲಿ ಬೆಣಚುಕಲ್ಲಿನ ಪುಡಿ ಇರುತ್ತದೆ, ಅದು ಯಾವ ಗಿಟಾರ್ ಫಿನಿಶ್‌ಗಿಂತಲೂ ಗಟ್ಟಿ. ಕಪ್ಪು ಬಾಡಿಯ ಮೇಲೆ ಬೆಳಕು ಬಿದ್ದಾಗ ಕಾಣುವ ಜೇಡರ ಬಲೆಯಂಥ ಗೀರುಗಳು ಹೀಗೆ ಬಂದವು.

ನೀವು ಎರಡೇ ಸಲ ಹೊಡೆದಿರುವುದರಿಂದ ಗಾಬರಿ ಬೇಡ, ಬಹುಪಾಲು ತೆಗೆಯಬಹುದು. ಮೊದಲು ಮೊಬೈಲ್ ಟಾರ್ಚನ್ನು ಓರೆಯಾಗಿ ಹಿಡಿದು ಕುತ್ತಿಗೆಯ ಗುಳಿ, ಬೆಲ್ಟ್ ಗುಂಡಿಗಳು, ಜ್ಯಾಕ್ (ಕೇಬಲ್ ಚುಚ್ಚುವ ತೂತು) ಸುತ್ತ ಬಿರುಕು ಇದೆಯಾ ನೋಡಿ. ಇದ್ದರೆ ಆ ಬೆರಳಗಲ ಜಾಗವನ್ನು ಒಣ ಬಟ್ಟೆಯಲ್ಲಿ ಮಾತ್ರ ಒತ್ತಿ ತೆಗೆಯಿರಿ, ಅಲ್ಲಿಗೆ ಯಾವ ದ್ರವವೂ ಹೋಗಬಾರದು. ಉಳಿದ ಕಡೆಗೆ ಲೈಟರಿಗೆ ತುಂಬುವ ದ್ರವ (ಗ್ಯಾಸ್ ಅಲ್ಲ), ಅಂದರೆ ನ್ಯಾಫ್ತಾ ಬಳಸಿ. ಹಳೆಯ ಬಿಳಿ ಬನಿಯನ್ ಬಟ್ಟೆಯನ್ನು ಅಂಗೈಯಗಲ ಏಳೆಂಟು ತುಂಡು ಮಾಡಿ, ಒಂದೊಂದಕ್ಕೂ ನಾಲ್ಕೈದು ಹನಿ ಹಾಕಿ, ಒಂದೇ ದಿಕ್ಕಿಗೆ ಒಂದು ಸಲ ಎಳೆದು ತುಂಡನ್ನು ಬಿಸಾಡಿ. ತಿರುಗಿಸಿ ಬಳಸಬೇಡಿ. ಕಿಟಕಿ ತೆರೆದಿರಲಿ, ಅಡುಗೆಮನೆ, ದೇವರ ದೀಪ ಎರಡೂ ದೂರ ಇರಲಿ. ಬಟ್ಟೆ ತುಂಡುಗಳನ್ನು ಹೊರಗೆ ಹರವಿ ಒಣಗಿಸಿ ಎಸೆಯಿರಿ. ನ್ಯಾಫ್ತಾ ಸಿಗಲಿಲ್ಲವೆಂದು ಪೆಟ್ರೋಲ್ ಹಾಕಬೇಡಿ, ಅದರಲ್ಲಿ ಬೇರೆ ರಾಸಾಯನಿಕಗಳಿರುತ್ತವೆ. ಸೀಮೆಎಣ್ಣೆ ಜಿಡ್ಡು ಬಿಡುತ್ತದೆ. ಥಿನ್ನರ್, ನೇಲ್ ಪಾಲಿಶ್ ರಿಮೂವರ್ ಬಾಡಿಯ ಹತ್ತಿರವೂ ಬೇಡ.

ಅದಾದ ಮೇಲೆ ತೊಳೆತ. ಕಾಲು ಲೀಟರ್ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ಹನಿ ಸಾಕು. ನೀರು ಬೋರ್‌ವೆಲ್‌ದು ಬೇಡ, ಆರಿದ ಮೇಲೆ ಬಿಳಿ ಕಲೆ ಉಳಿಯುತ್ತದೆ. ಇನ್ವರ್ಟರ್ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಒಂದು ಬಾಟಲಿ ತಂದರೆ ವರ್ಷ ಬರುತ್ತದೆ. ಮೊದಲು ಮೃದುವಾದ ಒಂದೂವರೆ ಇಂಚಿನ ಬ್ರಷ್‌ನಿಂದ ಧೂಳು ಉದುರಿಸಿ, ಒತ್ತಬೇಡಿ. ನಂತರ ಮೈಕ್ರೋಫೈಬರ್ ಬಟ್ಟೆಯನ್ನು ಅದ್ದಿ, ಹನಿ ಉದುರದ ಹಾಗೆ ಹಿಂಡಿ, ಒಂದು ಭಾಗ ಒರೆಸಿ ತಕ್ಷಣ ಇನ್ನೊಂದು ಒಣ ಬಟ್ಟೆಯಿಂದ ಆರಿಸಿ, ಆಮೇಲೆ ಮುಂದಿನ ಭಾಗಕ್ಕೆ ಹೋಗಿ. ಯಾವ ದ್ರವವನ್ನೂ ಗಿಟಾರ್ ಮೇಲೆ ನೇರ ಚಿಮುಕಿಸಬೇಡಿ. ಪಿಕಪ್ (ತಂತಿಯ ಕಂಪನ ಹಿಡಿಯುವ ಅಯಸ್ಕಾಂತದ ಭಾಗ), ಸ್ವಿಚ್, ಸ್ಕ್ರೂ ತೂತುಗಳೊಳಗೆ ಇಳಿದ ನೀರು ತುಕ್ಕು ತರುತ್ತದೆ, ಮರವನ್ನು ಉಬ್ಬಿಸುತ್ತದೆ. ಮೈಕ್ರೋಫೈಬರ್ ಬಟ್ಟೆಯನ್ನು ಫ್ಯಾಬ್ರಿಕ್ ಕಂಡಿಷನರ್ ಹಾಕಿ ಒಗೆಯಬಾರದು. ಒಗೆದದ್ದನ್ನು ಡಬ್ಬಿಯಲ್ಲಿ ಮುಚ್ಚಿಡಿ, ಹೊರಗಿಟ್ಟರೆ ಅದೇ ಧೂಳು ಹಿಡಿಯುತ್ತದೆ. ಹತ್ತರಲ್ಲಿ ಒಂಬತ್ತು ಗಿಟಾರ್‌ಗಳಿಗೆ ಇಷ್ಟೇ ಸಾಕು ಎನ್ನುವುದು ನನ್ನ ಖಚಿತ ಅಭಿಪ್ರಾಯ.

ಇದಾದ ಮೇಲೂ ಮಿಂಚು ಬೇಕೆನಿಸಿದರೆ ಆಗ ಪಾಲಿಶ್. ಡನ್‌ಲಾಪ್ 65ರಂಥ, ಗಿಟಾರ್‌ಗೆಂದೇ ಮಾಡಿದ ಯಾವುದಾದರೂ ಆಗಬಹುದು, ಬಾಟಲಿಯ ಮೇಲೆ ಸಿಲಿಕೋನ್ ಇಲ್ಲ ಎಂದು ಬರೆದಿದ್ದರೆ ಇನ್ನೂ ಒಳ್ಳೆಯದು. ಸಿಲಿಕೋನ್ ಬೇರೆ ಹೆಸರಲ್ಲೂ ಅಡಗಿರುತ್ತದೆ: ಡೈಮಿಥಿಕೋನ್, ಅಥವಾ ಸಿಲೋಕ್ಸೇನ್ ಎಂದು ಮುಗಿಯುವ ಯಾವುದೇ ಪದ. ಕಾರಿನ ಪಾಲಿಶ್‌ನಲ್ಲಿ ಬಾಡಿ ಶಾಪ್ ಸೇಫ್ ಎಂದಿದ್ದರೆ ಅದು ಬಣ್ಣ ಹೊಡೆಯುವ ಗ್ಯಾರೇಜಿಗೂ ಆಗುವಂಥದ್ದು, ಅಂದರೆ ಸಾಮಾನ್ಯವಾಗಿ ಸಿಲಿಕೋನ್ ಇಲ್ಲದ್ದು ಎಂದರ್ಥ. ಬಟ್ಟೆಗೆ ಒಂದು ರೂಪಾಯಿ ನಾಣ್ಯದಷ್ಟು ಹಾಕಿ, ವರ್ಷಕ್ಕೆ ಎರಡು ಸಲ, ಅದಕ್ಕಿಂತ ಹೆಚ್ಚು ಬೇಡ. ಜೇಡರ ಬಲೆಯ ಗೀರು ಹೋಗಬೇಕೆಂದರೆ ಅತಿ ನುಣುಪಾದ ಸ್ವರ್ಲ್ ರಿಮೂವರ್ (ಸಣ್ಣ ಗೀರು ತೆಗೆಯುವ ಪಾಲಿಶ್), ಕೈಯಲ್ಲಿ ಮಾತ್ರ. ಗ್ಯಾರೇಜಿನ ರಬ್ಬಿಂಗ್ ಕಾಂಪೌಂಡ್ ಒರಟು, ಮೂಲೆಗಳಲ್ಲಿ ಬಣ್ಣವನ್ನೇ ತೆಗೆಯುತ್ತದೆ. ಬಾಡಿ ಮ್ಯಾಟ್ (ಮಿಂಚಿಲ್ಲದ್ದು) ಆಗಿದ್ದರೆ ಪಾಲಿಶ್ ಮುಟ್ಟಲೇಬೇಡಿ, ಅಲ್ಲಲ್ಲಿ ಮಿಂಚುವ ಮಚ್ಚೆ ಬೀಳುತ್ತದೆ, ವಾಪಸ್ ಮ್ಯಾಟ್ ಮಾಡುವುದು ಕಷ್ಟ.

ಯಾವ ಫಿನಿಶ್ ಎಂದು ತಿಳಿಯದಿದ್ದರೆ ಹಿಂದಿನ ಕಂಟ್ರೋಲ್ ಪ್ಲೇಟ್ (ನಾಬ್‌ಗಳ ವೈರಿಂಗ್ ಮುಚ್ಚಳ) ಬಿಚ್ಚಿ, ಒಳಗೆ ಬಣ್ಣ ತಾಗಿರುವ ಕಡೆ ಕಿವಿಗೆ ಹಾಕುವ ಹತ್ತಿಕಡ್ಡಿಯಲ್ಲಿ ಒಂದು ಚುಕ್ಕೆ ನೇಲ್ ಪಾಲಿಶ್ ರಿಮೂವರ್ ಮುಟ್ಟಿಸಿ. ಮೇಲೆ ಬೇಡ ಎಂದ ರಿಮೂವರ್ ಈ ಒಂದು ಪರೀಕ್ಷೆಗೆ ಮಾತ್ರ, ಅಸಿಟೋನ್ ಇರುವಂಥದ್ದೇ ಆಗಿರಬೇಕು. ಅಂಟಂಟಾದರೆ ಬಹುಶಃ ನೈಟ್ರೋಸೆಲ್ಯುಲೋಸ್ ಲ್ಯಾಕರ್ (ನೈಟ್ರೋ), ಆಗದಿದ್ದರೆ ಪಾಲಿ, ಅಂದರೆ ಪಾಲಿಯೆಸ್ಟರ್ ಅಥವಾ ಪಾಲಿಯುರೆಥೇನ್. ಕಡಿಮೆ ಬೆಲೆಯ ಗಿಟಾರ್‌ಗಳು ಬಹುತೇಕ ಪಾಲಿಯೇ. ನೈಟ್ರೋ ಆಗಿದ್ದರೆ ಸ್ಯಾನಿಟೈಸರ್, ಸ್ಪಿರಿಟ್, ಗಾಜು ಒರೆಸುವ ದ್ರಾವಣ ಯಾವುದೂ ಕೂಡದು. ಸ್ಟ್ಯಾಂಡಿನ ರಬ್ಬರ್ ಕೂಡ ಅದನ್ನು ಕರಗಿಸುತ್ತದೆ, ಹತ್ತಿ ಬಟ್ಟೆ ಸುತ್ತಿ.

ಫ್ರೆಟ್‌ಬೋರ್ಡ್ (ಕುತ್ತಿಗೆಯ ಮೇಲೆ ಬೆರಳು ಒತ್ತುವ ಪಟ್ಟಿ) ವಿಷಯವೇ ಬೇರೆ, ಬಾಡಿಯ ಪಾಲಿಶ್ ಅಲ್ಲಿಗೆ ಬರಬಾರದು. ನಸುಹಳದಿ ಮೇಪಲ್ ಆಗಿದ್ದು ಮೇಲೆ ಲ್ಯಾಕರ್ ಇದ್ದರೆ ಒದ್ದೆ ಬಟ್ಟೆ ಸಾಕು, ಎಣ್ಣೆ ಬೇಡ. ರೋಸ್‌ವುಡ್, ಲಾರೆಲ್‌ನಂಥ ಕಂದು ಮರವಾದರೆ ತಂತಿ ಬದಲಿಸುವಾಗ ಕೆಲಸ ಮಾಡಿ. ಅದರ ಮೇಲಿನ ಅಡ್ಡ ಲೋಹದ ಕಂಬಿ, ಅಂದರೆ ಫ್ರೆಟ್ ಪಕ್ಕದಲ್ಲಿ ಕಟ್ಟಿದ ಕೊಳೆಯನ್ನು ಅವಧಿ ಮುಗಿದ ಎಟಿಎಂ ಕಾರ್ಡಿನ ಅಂಚಿನಿಂದ ಕೆರೆದು, ಹಳೆಯ ಟೂತ್‌ಬ್ರಷ್‌ಗೆ ಒಂದೆರಡು ಹನಿ ನ್ಯಾಫ್ತಾ ಹಾಕಿ ಉಜ್ಜಿ ಒರೆಸಿ. ಸ್ಟೀಲ್ ವುಲ್ ಉಪಯೋಗಿಸಬೇಡಿ. ಅದರ ಕಬ್ಬಿಣದ ಎಳೆಪುಡಿ ಪಿಕಪ್ ಅಯಸ್ಕಾಂತಕ್ಕೆ ಹಾರಿ ಅಂಟಿಕೊಂಡರೆ ಪೂರ್ತಿ ತೆಗೆಯಲಾಗದು, ತುಕ್ಕು ಹಿಡಿಯುತ್ತದೆ.

ಎಣ್ಣೆಗೆ ಬಂದರೆ, ಚಳ್ಳಕೆರೆಯಿಂದ ಎಷ್ಟೇ ಒಳ್ಳೆಯ ಶೇಂಗಾ ಎಣ್ಣೆ ಬಂದಿದ್ದರೂ ಅದು ಒಗ್ಗರಣೆಗೇ ಇರಲಿ. ಅಡುಗೆ ಎಣ್ಣೆ ಗಾಳಿಗೆ ಕಮಟಾಗಿ ಅಂಟಾಗುತ್ತದೆ. ಕೊಬ್ಬರಿ ಎಣ್ಣೆ ಬೇಗ ಕಮಟಾಗದಿದ್ದರೂ ಚಳಿಗೆ ಗಟ್ಟಿಯಾಗಿ ಮರದ ರಂಧ್ರದಲ್ಲಿ ಕೂರುತ್ತದೆ. ಮೆಡಿಕಲ್ ಶಾಪ್‌ನಲ್ಲಿ ಲಿಕ್ವಿಡ್ ಪ್ಯಾರಫಿನ್ ಕೇಳಿ, ಬಣ್ಣ ವಾಸನೆ ಇಲ್ಲದ ಬರೀ ಪ್ಯಾರಫಿನ್. ಹಾಲಿನಂತಿರುವ ಮಲಬದ್ಧತೆಯ ಸಿರಪ್ ಕೊಟ್ಟರೆ ವಾಪಸ್ ಕೊಡಿ. ನಿಂಬೆ ಎಣ್ಣೆ ಎಂದು ಮಾರುವ ಫ್ರೆಟ್‌ಬೋರ್ಡ್ ಎಣ್ಣೆಗಳಲ್ಲಿ ಅನೇಕವು ಬಹುಪಾಲು ಇದೇ ಜಾತಿಯ ಖನಿಜ ತೈಲ. ಇಡೀ ಬೋರ್ಡಿಗೆ ಐದಾರು ಹನಿ, ಬಟ್ಟೆಯಿಂದ ಹಚ್ಚಿ, ಐದು ನಿಮಿಷ ಬಿಟ್ಟು, ಒಣಗುವವರೆಗೆ ಒರೆಸಿ. ವರ್ಷಕ್ಕೆ ಒಂದು ಅಥವಾ ಎರಡು ಸಲ. ಮಾರ್ಚ್‌ನಿಂದ ಮೇವರೆಗೆ ನಮ್ಮ ಒಣ ಬಿಸಿಲಿಗೆ ಮರ ಕುಗ್ಗಿ ಫ್ರೆಟ್ ತುದಿಗಳು ಕೈಗೆ ಚುಚ್ಚಿದರೆ ಅದು ಎಣ್ಣೆಯಿಂದ ಸರಿಹೋಗದು. ಗಿಟಾರನ್ನು ಪೆಟ್ಟಿಗೆಯಲ್ಲಿಟ್ಟು ಒಳಗಿನ ತೇವಾಂಶ ಶೇ. 45-55 ಇರುವಂತೆ ನೋಡಿಕೊಳ್ಳಿ.

ಬ್ರಿಡ್ಜ್ (ಬಾಡಿಯ ಮೇಲೆ ತಂತಿ ಹಿಡಿದಿಡುವ ಭಾಗ), ನಾಬ್‌ಗಳಿಗೆ ಒಣ ಟೂತ್‌ಬ್ರಷ್ ಸಾಕು. ಹಿತ್ತಾಳೆ ಉಜ್ಜುವ ಪಾಲಿಶ್ ಚಿನ್ನದ ಬಣ್ಣದ ಭಾಗಗಳ ಲೇಪವನ್ನೇ ತೆಗೆಯುತ್ತದೆ. ನಾಬ್ ತಿರುಗಿಸಿದಾಗ ಕರಕರ ಬಂದರೆ ಎಲೆಕ್ಟ್ರಾನಿಕ್ಸ್ ಅಂಗಡಿಯ ಕಾಂಟ್ಯಾಕ್ಟ್ ಕ್ಲೀನರ್ ಹೊಡೆಯಿರಿ. ತುಕ್ಕು ಬಿಡಿಸುವ ಸ್ಪ್ರೇ ಹೊಡೆದರೆ ಒಳಗಿನ ಗ್ರೀಸ್ ತೊಳೆದುಹೋಗುತ್ತದೆ.

ಕೊನೆಗೆ, ನುಡಿಸುವ ಮುಂಚೆ ಕೈ ತೊಳೆಯಿರಿ, ಬೆಣ್ಣೆ ದೋಸೆ ತಿಂದು ಬಂದಿದ್ದರೆ ಸೋಪು ಹಾಕಿ. ಮುಗಿದ ಮೇಲೆ ತಂತಿಗಳನ್ನೂ ಮುಂಗೈ ತಾಗುವ ಅಂಚನ್ನೂ ಅರ್ಧ ನಿಮಿಷ ಒರೆಸಿ, ಬೆವರಿನ ಉಪ್ಪೂ ಮಂಕಿಗೆ ಒಂದು ಕಾರಣ. ಆಯುಧಪೂಜೆಗೆ ಅಮ್ಮ ಅರಿಸಿನ ಕುಂಕುಮ ಹಚ್ಚುತ್ತಾರಲ್ಲ, ಫಿನಿಶ್ ಇಲ್ಲದ ಮರಕ್ಕೆ ಆ ಬಣ್ಣ ಇಳಿದರೆ ಬಿಡಿಸಲಾಗದು. ವಿಭೂತಿ ಪುಡಿಯೂ ಒರೆಸುವಾಗ ಗೀರುತ್ತದೆ. ಹೆಡ್‌ಸ್ಟಾಕ್ (ಕುತ್ತಿಗೆಯ ತುದಿಯ ತಲೆ) ಮೇಲೆ ಅಗಲದ ಮಾಸ್ಕಿಂಗ್ ಟೇಪ್ ಒಂದು ತುಂಡು ಅಂಟಿಸಿ ಅದರ ಮೇಲೆ ಇಡಲು ಹೇಳಿ, ನೈಟ್ರೋ ಆಗಿದ್ದರೆ ಟೇಪೂ ಬೇಡ, ಪೆಟ್ಟಿಗೆಗೇ ಹಚ್ಚಲಿ. ಮರುದಿನ ಟೇಪನ್ನು ಮೆಲ್ಲಗೆ ಬಿಡಿಸಿ, ಅಂಟು ಉಳಿದಿದ್ದರೆ ಒಂದು ಹನಿ ನ್ಯಾಫ್ತಾ.